ಬೆರಳಮ್ಮ

ತೋಟಗಾರಿಕೆ ಕಾಲೇಜಿನ ಹಸಿರುಮನೆಯಲ್ಲಿ ವಾರದ ಕೊನೆಯ ಪಾಳಿ ಯಾರದೇ ಇರಲಿ, ಅಲ್ಲಿ ಬೆರಳಮ್ಮ ಇದ್ದೇ ಇರುತ್ತಾಳೆ. ಮಣ್ಣಿಗೆ ಬೆರಳಿಟ್ಟು ತೇವ ನೋಡದೆ ಯಾರೂ ನೀರು ಹಾಕುವಂತಿಲ್ಲ ಎಂಬುದು ಅವಳ ಕಾನೂನು. ಸಹಪಾಠಿಗಳು ಆ ಹೆಸರಿಟ್ಟದ್ದೂ ಅದಕ್ಕೇ. "ಬಾಯಾರಿ ಸತ್ತಿದ್ದಕ್ಕಿಂತ ಮುದ್ದು ಜಾಸ್ತಿಯಾಗಿ ಸತ್ತ ಗಿಡಗಳೇ ಹೆಚ್ಚು ಕಣ್ರೋ" ಎಂದು ಪೈಪು ಹಿಡಿದವರನ್ನೆಲ್ಲ ಗದರುತ್ತಾಳೆ. ಟೀ ಆರಿದೆಯೇ ಎಂದು ಬೆರಳದ್ದಿ ನೋಡುತ್ತಾಳೆ, ಗೆಳತಿಯ ತಲೆ ಒಣಗಿದೆಯೇ ಎಂದು ಕೂದಲೊಳಗೆ ಬೆರಳು ತೂರಿಸುತ್ತಾಳೆ. ಅಮ್ಮ ಫೋನಿನಲ್ಲಿ "ಉಂಡ್ಯೇನೇ?" ಎಂದರೆ, "ಈ ಗಿಡಗಳದ್ದು ಮುಗೀಲಿ ಇರಮ್ಮ" ಎನ್ನುತ್ತಾಳೆ. ಆದರೆ ಅದೇ ಅಮ್ಮ ಹಿತ್ತಲಿನಿಂದ ಆರಿಸಿ ಕೊಟ್ಟ ಬದನೆ ಬೀಜ ಮಾತ್ರ ಟ್ರೇಯಲ್ಲಿ ಮಿಸುಕಲಿಲ್ಲ. "ಸೋಮವಾರಕ್ಕೂ ಮೊಳೀದಿದ್ರೆ ಎಸೆದುಬಿಡಮ್ಮ, ಜಾಗ ಬೇಕು" ಎಂದರು ಮೇಷ್ಟ್ರು. ಶನಿವಾರ ಜೊತೆಯ ಪಾಳಿಯ ಸಹಪಾಠಿ ಉದ್ದಣ್ಣ ಟ್ರೇಗೆ ಬಗ್ಗಿ ನೋಡಿದವನೇ ಬಿದ್ದು ಬಿದ್ದು ನಕ್ಕ: "ಅಯ್ಯೋ ತಾಯಿ, ಇದೇನು ಟ್ರೇನಾ, ಜರಡಿನಾ? ನಿನ್ನ ಬೆರಳಿನ ತೂತು ಬಿಟ್ರೆ ಮಣ್ಣೇ ಇಲ್ಲ! ಮುದ್ದು ಜಾಸ್ತಿಯಾಯ್ತು ಕಣೇ." ಬೆರಳಮ್ಮನ ಮುಖ ಚಿಕ್ಕದಾಯಿತು. ತೂತುಗಳನ್ನೆಲ್ಲ ಮುಚ್ಚಿ, ನೀರು ಚಿಮುಕಿಸುವ ಕೆಲಸ ಅವನಿಗೇ ಒಪ್ಪಿಸಿ, ಭಾನುವಾರವೆಲ್ಲ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ಆ ಟ್ರೇಯ ಸುತ್ತಲೇ ಸುಳಿದಾಡಿದಳು. ಸೋಮವಾರ ಬೆಳಿಗ್ಗೆ ಮೂರ್ನಾಲ್ಕು ಮೊಳಕೆಗಳು ಕತ್ತು ಬಗ್ಗಿಸಿಕೊಂಡೇ ಮಣ್ಣು ಎತ್ತಿದ್ದವು. "ಅರೆ! ತೇವ ಇದೆಯೇನಮ್ಮ?" ಎನ್ನುತ್ತ ಮೇಷ್ಟ್ರು, ಅವಳೇ ಹಿಡಿಸಿದ್ದ ಅಭ್ಯಾಸದಂತೆ, ಟ್ರೇಯತ್ತ ಬೆರಳು ಚಾಚಿದರು. ಅವಳು ಆ ಬೆರಳನ್ನು ಗಬಕ್ಕನೆ ಹಿಡಿದುಕೊಂಡಳು: "ಬೇಡ ಸಾರ್, ಮಕ್ಕಳು ಈಗ ತಾನೇ ಎದ್ದಿದ್ದಾರೆ!"