ದಾರಿ ಹೇಳುವವನ ಹೊಟ್ಟೆಕಿಚ್ಚು

ನನಗೆ ಕಾರು ಓಡಿಸಲು ಬರುವುದಿಲ್ಲ. ಸ್ಕೂಟರಿನಲ್ಲೇ ಆಯುಷ್ಯ ಸವೆಸಿದವನು. ಆದರೆ ಶಿವಮೊಗ್ಗದಿಂದ ಭದ್ರಾವತಿಯವರೆಗೆ ಯಾವ ರಸ್ತೆ ಎಲ್ಲಿ ತಿರುಗುತ್ತದೆ, ಎಲ್ಲಿ ಹಂಪು ಇದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತನಾದ ಮೇಷ್ಟ್ರು ನಾನು. ಜಿಲ್ಲೆಯ ನಕ್ಷೆಯನ್ನು ಪುಸ್ತಕ ನೋಡದೆ ಬೋರ್ಡಿನ ಮೇಲೆ ಬಿಡಿಸುತ್ತಿದ್ದೆ. ಆ ಜಂಬ ಈಗಲೂ ಇದೆ, ಇಲ್ಲ ಅನ್ನುವುದಿಲ್ಲ.

ನನ್ನ ಹೆಂಡತಿ ಫಿಸಿಯೋಥೆರಪಿಸ್ಟ್. ಆಸ್ಪತ್ರೆಯ ಕೆಲಸ ಬಿಟ್ಟು, ಸ್ಟ್ರೋಕ್ ಆದವರಿಗೆ, ಮಂಡಿ ಆಪರೇಶನ್ ಆದವರಿಗೆ ಅವರವರ ಮನೆಗೇ ಹೋಗಿ ವ್ಯಾಯಾಮ ಮಾಡಿಸಲು ಶುರು ಮಾಡಿದಳು. ಅದಕ್ಕಾಗಿಯೇ ಐವತ್ತು ದಾಟಿದ ಮೇಲೆ ಕಾರು ಕಲಿತಳು. ಅವಳ ರೋಗಿಗಳಲ್ಲಿ ಹೆಚ್ಚಿನವರು ಭದ್ರಾವತಿಯ ನ್ಯೂ ಟೌನಿನವರು. ಅಲ್ಲಿನ ಕ್ವಾರ್ಟರ್ಸ್ ಸಾಲುಗಳು ನೋಡಲು ಎಲ್ಲ ಒಂದೇ ಥರ. ಹೊಸಬರಿಗೆ ತಲೆ ಕೆಡುತ್ತದೆ. ಬೆಳಿಗ್ಗೆ ಗೋಪಾಳದ ನಮ್ಮ ಮನೆಯಿಂದ ಹೊರಟರೆ ಎಡಗಡೆ ಸೀಟಿನಲ್ಲಿ ನಾನು. ‘ಬಲಕ್ಕೆ ತಗೋ, ಮುಂದೆ ಬಸ್ಸಿದೆ ನಿಧಾನ, ಆ ಮರ ದಾಟಿದ ಮೇಲೆ ಎಡಕ್ಕೆ’ ಎಂದು ಹೇಳುತ್ತಾ ಹೋಗುವುದು. ಅವಳು ಒಳಗೆ ರೋಗಿಯ ಕಾಲು ಮಡಿಸಿ ಬಿಡಿಸುವಷ್ಟು ಹೊತ್ತು ನಾನು ಮರದ ನೆರಳಿನಲ್ಲಿ ಪೇಪರ್ ಓದುತ್ತಾ ಕಾಯುವುದು.

“ನೀವಿಲ್ದಿದ್ರೆ ನಾನು ಈ ಊರಲ್ಲಿ ಕಳೆದೇ ಹೋಗ್ತಿದ್ದೆ ಕಣ್ರೀ” ಎಂದು ಒಮ್ಮೆ ಅಂದಿದ್ದಳು. ಆ ಒಂದು ಮಾತಿನ ಮೇಲೆ ನಾನು ಒಂದು ವರ್ಷ ಬದುಕಿದೆ.

ಕೆಟ್ಟಿದ್ದು ಸೋಗಾನೆಯ ದಾರಿಯಲ್ಲಿ. ವಿಮಾನ ನಿಲ್ದಾಣ ಬಂದ ಮೇಲೆ ಆ ಕಡೆಯ ರಸ್ತೆಗಳು ಬದಲಾಗಿದ್ದವು. ನಾನು ಹಳೆಯ ನೆನಪಿನಲ್ಲಿ ಹೇಳಿದ ದಾರಿ ಒಂದು ಬೇಲಿಯ ಮುಂದೆ ಮುಗಿಯಿತು. ಸುತ್ತಿ ಬಳಸಿ ಹೋಗುವಷ್ಟರಲ್ಲಿ ಮುಕ್ಕಾಲು ಗಂಟೆ ತಡ. ರೋಗಿ ಕಾದು ಕಾದು ಮಲಗಿಬಿಟ್ಟಿದ್ದರು. ಹೆಂಡತಿ ನನ್ನನ್ನು ಬೈಯಲಿಲ್ಲ. ಮಾರನೆಯ ದಿನ ಬಿ.ಹೆಚ್. ರಸ್ತೆಯಲ್ಲಿ ಕಾರಿಗೆ ಸೀಟ್ ಕವರ್, ಸ್ಪೀಕರ್ ಹಾಕುವ ಸಾಬರ ಅಂಗಡಿಯ ಮುಂದೆ ಕಾರು ನಿಲ್ಲಿಸಿ, “ಫೋನಲ್ಲೇ ದಾರಿ ಕೇಳೋ ಹಂಗೆ ಮಾಡ್ಕೊಡಿ ಭಾಯ್, ಕೈ ಹಚ್ಚೋ ಹಾಗಿರಬಾರದು” ಎಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಸಾಬರು ಒಳ್ಳೆಯ ಕೆಲಸಗಾರರು. ಡ್ಯಾಶ್‌ಬೋರ್ಡನ್ನು ಎರಡು ನಿಮಿಷ ನೋಡಿ, “ಮೇಡಂ, ಫೋನ್ ಸ್ಟ್ಯಾಂಡು ಮುಂದಿನ ಗ್ಲಾಸಿಗೆ ಬೇಡ. ರೋಡಿಗೆ ಅಡ್ಡ ಬರ್ತದೆ, ಬಿಸಿಲಿಗೆ ರಬ್ಬರ್ ಬಿಡ್ತದೆ. ಏಸಿ ಜಾಲರಿಗೆ ಸಿಕ್ಸಿದ್ರೆ ಭಾರಕ್ಕೆ ಮುರೀತದೆ. ಇಲ್ಲಿ ಮಧ್ಯದಲ್ಲಿ ಸ್ಕ್ರೂ ಹಾಕಿ ಸ್ಟ್ಯಾಂಡ್ ಕೂರಿಸ್ತೀನಿ, ಫಿಕರೇ ಇಲ್ಲ” ಎಂದರು. ಅವರು ತೋರಿಸಿದ ಜಾಗದಲ್ಲಿ ಗಣಪತಿ ಕೂತಿದ್ದ. ಕಾರಿನ ಪೂಜೆಯ ದಿನ ಪುರೋಹಿತರು ಅಂಟಿಸಿದ್ದ ಹೆಬ್ಬೆರಳಿನಷ್ಟು ಮೂರ್ತಿ. “ಇದನ್ನ ಸ್ವಲ್ಪ ಪಕ್ಕಕ್ಕೆ ಇಡಬೇಕು. ನಾನು ಮುಟ್ಟಲ್ಲ ಸರ್, ನೀವೇ ತೆಗೀರಿ” ಎಂದು ಸಾಬರು ನನ್ನ ಕಡೆ ತಿರುಗಿದರು.

ಆ ಕ್ಷಣದಲ್ಲಿ ನನಗೆ ಎಲ್ಲಿಲ್ಲದ ಭಕ್ತಿ ಉಕ್ಕಿತು.

“ಪೂಜೆ ಮಾಡಿ ಕೂರ್ಸಿರೋ ದೇವರು ಅದು. ಕದಲಿಸೋ ಮಾತೇ ಇಲ್ಲ” ಎಂದೆ.

ಸಾಬರು ತಟ್ಟನೆ ಕೈ ಹಿಂದಕ್ಕೆ ತೆಗೆದರು. “ದೇವ್ರ ವಿಷಯ, ನೀವು ಹೇಳ್ದಂಗೆ ಸರ್.” ಹೆಂಡತಿ ನನ್ನ ಮುಖ ನೋಡಿದಳು. ಹಬ್ಬದ ದಿನವೂ ಎರಡು ಸಲ ಕರೆಸಿಕೊಂಡು ಮಂಗಳಾರತಿಗೆ ಬರುವವನು ನಾನು, ಅದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ, “ಸರಿ, ಗ್ಲಾಸಿಗೇ ಹಾಕಿಬಿಡಿ” ಎಂದಳು. ಸ್ಟ್ಯಾಂಡೇ ಬೇಡ, ಬನ್ನಿ ಮನೆಗೆ ಹೋಗೋಣ ಎನ್ನುತ್ತಾಳೆ ಅಂದುಕೊಂಡಿದ್ದ ನನಗೆ ನಿರಾಸೆಯಾಯಿತು.

ಆಮೇಲೆ ಅರ್ಧ ಗಂಟೆ ಸಾಬರು ಅವಳಿಗೆ ಪಾಠ ಹೇಳಿದರು. ಹೊರಡುವ ಮೊದಲೇ ವಿಳಾಸ ಹಾಕಿಕೊಳ್ಳಬೇಕು. ಮಾತು ಕಾರಿನ ಸ್ಪೀಕರಿನಲ್ಲಿ ಬರುವಂತೆ ಜೋಡಿಸಬೇಕು. ಕಣ್ಣು ರೋಡಿನ ಮೇಲೆ, ಕಿವಿ ಮಾತ್ರ ಫೋನಿಗೆ. ದಾರಿ ತಪ್ಪಿದರೂ ಬೆರಳು ಹಚ್ಚಬಾರದು, ಬದಿಗೆ ನಿಲ್ಲಿಸಿ ನೋಡಬೇಕು. ಕಾರು ಓಡುವಾಗ ಫೋನ್ ಬಂದರೆ ರಿಂಗ್ ಆಗದಂತೆ ಮಾಡಿ, “ಸರ್, ನೀವೊಂದ್ ಕಾಲ್ ಮಾಡಿ ನೋಡಿ” ಎಂದರು. ಮಾಡಿದೆ. ‘ಡ್ರೈವ್ ಮಾಡುತ್ತಿದ್ದೇನೆ, ಆಮೇಲೆ ಕರೆ ಮಾಡುತ್ತೇನೆ’ ಎಂಬ ಮೆಸೇಜು ನನ್ನ ಫೋನಿಗೆ ಬಂತು. ಮೂರಡಿ ದೂರದಲ್ಲಿ ಕೂತಿದ್ದ ಹೆಂಡತಿ ಖುಷಿಯಿಂದ ಚಪ್ಪಾಳೆ ತಟ್ಟಿದಳು. ಹರಳೆಣ್ಣೆ ಕುಡಿದವನ ಹಾಗೆ ನಾನು ಮುಖ ಮಾಡಿಕೊಂಡೆ.

ಮನೆಗೆ ಬರುವಾಗ ಅದು ಮಾತಾಡಿತು. ‘ಇನ್ನೂರು ಮೀಟರ್ ನಂತರ ಬಲಕ್ಕೆ ತಿರುಗಿ.’ ಅವಳು ಇಂಡಿಕೇಟರ್ ಹಾಕಿ ತಿರುಗಿದಳು. ನಾನು ಬಲಕ್ಕೆ ಎಂದರೆ ‘ಯಾಕೆ, ನೇರ ಹೋದ್ರೆ ಆಗಲ್ವಾ?’ ಎಂದು ಕೇಳುವವಳು ಅದಕ್ಕೆ ಒಂದೂ ಪ್ರಶ್ನೆ ಕೇಳಲಿಲ್ಲ. ನನಗೆ ಹೊಟ್ಟೆ ಉರಿಯಿತು. ನಾನೇ ನಡೆದು ತಿಳಿದುಕೊಂಡ ಬೀದಿಗಳನ್ನು, ಕಾಲೇ ಇಲ್ಲದ ಒಂದು ಧ್ವನಿ ನನ್ನ ಹೆಂಡತಿಗೆ ತೋರಿಸುತ್ತಿದೆಯಲ್ಲ ಎಂದು. “ನಾಳೆಯಿಂದ ನೀವು ಆರಾಮಾಗಿ ಮನೇಲಿರಿ, ಬಿಸಿಲಲ್ಲಿ ಕಾಯೋದು ತಪ್ತು” ಎಂದಳು. ಪ್ರೀತಿಯಿಂದಲೇ ಹೇಳಿದ್ದು. ಅದು ಇನ್ನೂ ಉರಿಸಿತು.

ನಾಲ್ಕನೇ ದಿನ ಮಧ್ಯಾಹ್ನ ಅವಳು ನ್ಯೂ ಟೌನಿನಿಂದ ವಾಪಸು ಬರುತ್ತಿದ್ದಳು. ಬಿಸಿಲಿಗೆ ಗಾಜಿಗೆ ಅಂಟಿಸಿದ್ದ ರಬ್ಬರ್ ಬಿಟ್ಟು ಸ್ಟ್ಯಾಂಡು ಫೋನಿನ ಸಮೇತ ಕಳಚಿ ಬಿತ್ತು. ಹಿಡಿಯಲು ಎಡಗೈ ಚಾಚಿದಳು. ಅಷ್ಟರಲ್ಲಿ ಕಾರು ರಸ್ತೆ ಬಿಟ್ಟು ಚರಂಡಿಗೆ ಇಳಿಯಿತು. ಗಿರ್ರನೆ ತಿರುಗಿದ ಸ್ಟೀರಿಂಗಿಗೆ ಸಿಕ್ಕಿ ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು. ನಾನು ಆಟೋ ಹಿಡಿದು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಪ್ಲಾಸ್ಟರ್ ಹಾಕಿ ಆಗಿತ್ತು. ಆರು ವಾರ ಕೈ ಅಲ್ಲಾಡಿಸಬಾರದು, ಭಾರ ಎತ್ತಲು ಇನ್ನೂ ತಡ ಎಂದರು ಡಾಕ್ಟರು. ಅವಳ ಕೆಲಸವೆಲ್ಲ ಇದ್ದದ್ದೇ ಆ ಕೈಯಲ್ಲಿ.

ಸುದ್ದಿ ಕೇಳಿ ಅಕ್ಕಪಕ್ಕದವರು ಬಂದರು. ಗಣಪತಿಯನ್ನು ಕದಲಿಸಲು ನಾನು ಬಿಡಲಿಲ್ಲ ಎನ್ನುವುದು ಹೇಗೋ ಗೊತ್ತಾಗಿ, “ನೋಡಿ ಮೇಷ್ಟ್ರೇ, ನೀವು ಹಟ ಹಿಡಿದಿದ್ದು ಒಳ್ಳೇದಾಯ್ತು. ಅವನೇ ಜೀವ ಉಳಿಸಿದ್ದು” ಎಂದರು. ನಾನು ತಲೆಯಾಡಿಸಿದೆ. ಹೆಂಡತಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

ವಾರದ ಬಳಿಕ ನ್ಯೂ ಟೌನಿನಿಂದ ಒಂದು ಫೋನು ಬಂತು. ಸ್ಟ್ರೋಕ್ ಆಗಿದ್ದ ಒಬ್ಬ ಅಜ್ಜಿಯನ್ನು ಐದು ತಿಂಗಳಿಂದ ನನ್ನ ಹೆಂಡತಿ ನಡೆಸಲು ಒದ್ದಾಡುತ್ತಿದ್ದಳು. ಆ ಅಜ್ಜಿ ಅವತ್ತು ಹತ್ತು ಹೆಜ್ಜೆ ನಡೆದರಂತೆ, ಹೊಸದಾಗಿ ಬಂದ ಬೇರೆ ಫಿಸಿಯೋ ಕೈ ಹಿಡಿದುಕೊಂಡು. “ಅಯ್ಯೋ, ತುಂಬಾ ಸಂತೋಷ” ಎಂದು ಹೇಳಿ ಫೋನಿಟ್ಟು, ಇವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಹೊರಗೆ ನಿಂತ ನನಗೆ ಕೇಳಿಸಿತು. ಎಡಗಡೆ ಸೀಟು ಹೋಯಿತೆಂದು ನಾನು ಪಟ್ಟ ಸಂಕಟದ ಮೇಲೆ ನನಗೇ ಹೇಸಿಗೆಯಾಯಿತು.

ಮರುದಿನ ಬೆಳಿಗ್ಗೆ ಅವಳ ಜಡೆ ಹೆಣೆಯುತ್ತಿದ್ದೆ. ಒಂದು ಕೈಯಲ್ಲಿ ಅವಳಿಗೆ ಆಗುತ್ತಿರಲಿಲ್ಲ, ಎರಡು ಕೈಯಿದ್ದೂ ನನಗೆ ಬರುತ್ತಿರಲಿಲ್ಲ. ಮುಖ ಕಾಣದ್ದರಿಂದ ಧೈರ್ಯ ಬಂತು.

“ಅವತ್ತು ಅಂಗಡೀಲಿ ನಂದು ಭಕ್ತಿ ಅಲ್ಲ ಕಣೇ. ಹೊಟ್ಟೆಕಿಚ್ಚು.”

“ಗೊತ್ತು.”

“ಗೊತ್ತಿದ್ದೂ ಯಾಕೆ ಒಪ್ಪಿದೆ ಮಾರಾಯ್ತಿ?”

“ಇನ್ನೇನ್ ಮಾಡ್ಲಿ? ಹೊರಗಿನವರ ಮುಂದೆ ನಿಮ್ಮ ಮಾತು ತೆಗೆದ್ಹಾಕಿದ್ರೆ ನಿಮಗೆ ಎಷ್ಟು ಬೇಜಾರಾಗತ್ತೆ ಅಂತ ನಂಗೊತ್ತಿಲ್ವಾ? ರಬ್ಬರ್ ನಿಲ್ಲಲ್ಲ ಅಂತ ಅವರು ಹೇಳಿದ್ದು ನನಗೂ ಕೇಳಿಸಿತ್ತು.”

ಜಡೆಯ ಮೂರು ಎಳೆಯೂ ನನ್ನ ಕೈಯಲ್ಲಿ ಹಾಗೇ ನಿಂತವು.

“ಬಿಗಿಯಾಗಿ ಎಳೀಬೇಡಿ, ನೋವಾಗತ್ತೆ” ಎಂದಳು. ಹೆಣೆದದ್ದನ್ನು ಬಿಚ್ಚಿ, ಮತ್ತೆ ಮೊದಲಿನಿಂದ ಶುರು ಮಾಡಿದೆ.