ಹಾಡಿನಲ್ಲಿ ಇಲ್ಲದ ಅಪ್ಪ

ನಾನು ಚಿಕ್ಕವನಿದ್ದಾಗ ಮಹಾ ಹೊಟ್ಟೆಕಿಚ್ಚಿನವನಾಗಿದ್ದೆ, ಮಕ್ಕಳೇ. ಆ ಕಿಚ್ಚೆಲ್ಲ ಒಬ್ಬರ ಮೇಲೆ, ನನ್ನ ದೊಡ್ಡಪ್ಪನ ಮೇಲೆ. ಅವರು ಸೈನ್ಯದಲ್ಲಿ ಬಹಳ ದೊಡ್ಡ ಅಧಿಕಾರಿ. ನಿವೃತ್ತರಾದ ಮೇಲೆ ಸರ್ಕಾರ ಅವರನ್ನು ಪರದೇಶವೊಂದಕ್ಕೆ ನಮ್ಮ ರಾಯಭಾರಿಯಾಗಿ ನೇಮಿಸಿತ್ತು. ಕೋವಿ ಕೆಳಗಿಟ್ಟು ಮಾತಿನಲ್ಲೇ ದೇಶ ಕಾಯುವ ಕೆಲಸ. ಹೊರಡುವ ಮುನ್ನ ಎರಡು ದಿನಕ್ಕೆಂದು ಕಾಯ್ಕಿಣಿಯ ನಮ್ಮ ಮನೆಗೆ ಬಂದರು.

ಅವತ್ತು ಗದ್ದೆಯಲ್ಲಿ ನೆಟ್ಟಿ. ಮಳೆ ಸಣ್ಣಗೆ ಹನಿಯುತ್ತಿತ್ತು. ಕಾಲ್ಬೆರಳ ಸಂದಿಯಲ್ಲಿ ಕೆಸರು ತಣ್ಣಗೆ ನುಗ್ಗುತ್ತಿತ್ತು, ಕಿತ್ತ ಭತ್ತದ ಸಸಿಯ ಹಸಿ ವಾಸನೆ ಮೂಗು ತುಂಬಿತ್ತು. ಅಜ್ಜಿ ಕಂಬಳಿ ಹೊದ್ದು ಗದ್ದೆಯ ಅಂಚಿನಲ್ಲಿ ಕೂತು ಹಾಡು ಕಟ್ಟುತ್ತಿದ್ದಳು.

ಹಾಡೆಲ್ಲ ದೊಡ್ಡಪ್ಪನದೇ! ಮಗ ಹಿಮದ ಬೆಟ್ಟ ಹತ್ತಿದ, ಮಗ ಸಾವಿರ ಜನರ ಮುಂದೆ ನಡೆದ, ಮಗ ಸಮುದ್ರದಾಚೆ ಹೊರಟ... ನೆಡುತ್ತಿದ್ದ ಹೆಂಗಸರೆಲ್ಲ ದನಿಗೂಡಿಸಿದರು. ಅದೇ ಗದ್ದೆಯಲ್ಲಿ ಬೆಳಗಿನಿಂದ ಬೆನ್ನು ಬಗ್ಗಿಸಿ ನಿಂತಿದ್ದ ಅಪ್ಪನ ಹೆಸರು ಒಂದು ಸಲವೂ ಬರಲಿಲ್ಲ.

ಅಷ್ಟರಲ್ಲಿ ದೊಡ್ಡಪ್ಪ ಪ್ಯಾಂಟು ಮಡಚಿ ಗದ್ದೆಗಿಳಿದರು. ಅಯ್ಯೋ, ಅವರು ನೆಟ್ಟ ಸಾಲು! ಏಡಿ ನಡೆದ ಹಾಗೆ ಅಡ್ಡಾದಿಡ್ಡಿ. ಅರ್ಧ ಸಸಿ ತೇಲಿಯೇ ಹೋದವು. ಪಕ್ಕದಲ್ಲೇ ನೆಡುತ್ತಿದ್ದ ನನ್ನ ಅಕ್ಕ ಬಾಯಿ ಮುಚ್ಚಿಕೊಂಡು ನಕ್ಕಳು. ನನಗೂ ಒಳಗೊಳಗೇ ಖುಷಿ. ಆದರೆ ಅಜ್ಜಿ? ಮಗ ಕೆಸರಿಗಿಳಿದ ಎಂದು ಅದನ್ನೂ ಹಾಡಿಬಿಟ್ಟಳು!

ನನಗೆ ತಡೆಯಲಾಗಲಿಲ್ಲ. ಕೈಲಿದ್ದ ಸಸಿಯ ಕಟ್ಟು ಎಸೆದು ಕೂಗಿದೆ: "ಅಜ್ಜಿ, ಅಪ್ಪ ನಿಂಗೆ ಮಗ ಅಲ್ವಾ? ಅವ್ನ ಹಾಡು ಎಂತಕ್ಕೆ ಹೇಳೂದಿಲ್ಲ?"

ಹಾಡು ನಿಂತಿತು. ಅಪ್ಪ ತಲೆಯೆತ್ತಲಿಲ್ಲ. ದೊಡ್ಡಪ್ಪನೇ ಮೆಲ್ಲಗೆ, "ಹುಡ್ಗ ಕೇಳೂದು ಸರಿ ಅಲ್ವಾ, ಅಮ್ಮಾ?" ಎಂದರು.

ಅಜ್ಜಿ ನನ್ನನ್ನು ಹತ್ತಿರ ಕರೆದು ಒದ್ದೆ ತಲೆಯನ್ನು ಸೆರಗಿನಿಂದ ಒರೆಸಿದಳು. "ನಿನ್ನ ಅಪ್ಪ ಕರ್ದ್ರೆ ಓಗೊಡೂವಷ್ಟು ಹತ್ರ ಇದ್ದಾನೆ. ಅವ್ನಿಗೆ ಹಾಡು ಎಂತಕ್ಕೆ, ಮಗಾ? ದೂರ ಹೋದವ್ನ ಮರೀಬಾರ್ದು ಅಂತ ಹಾಡೂದು."

ನನಗೆ ಸಮಾಧಾನವಾಯಿತೇ? ಎಂತದೂ ಇಲ್ಲ! ಮುಖ ಊದಿಸಿಕೊಂಡೇ ಗಂಜಿಗೆ ಕೂತೆ. ಅಪ್ಪ ತನ್ನ ಪಾಲಿನ ಸುಟ್ಟ ಒಣಮೀನನ್ನು ನನ್ನ ತಟ್ಟೆಗೆ ಹಾಕಿದ.

ಈಗ ನಿಮ್ಮ ಮೊಬೈಲಿನಲ್ಲಿ ದೊಡ್ಡಪ್ಪನ ಹೆಸರು ಒತ್ತಿದರೆ ಸಮವಸ್ತ್ರದ ಫೋಟೋ, ಪರದೇಶದ ದೊರೆಯ ಕೈ ಕುಲುಕುವ ಫೋಟೋ ಸಾಲುಸಾಲಾಗಿ ಬರುತ್ತವೆ. ಅಪ್ಪನ ಹೆಸರು ಒತ್ತಿದರೆ ಏನೂ ಬರುವುದಿಲ್ಲ. ನನ್ನ ಹೊಟ್ಟೆ ಈಗಲೂ ಉರಿಯುತ್ತದೆ, ಸುಳ್ಳೇಕೆ ಹೇಳಲಿ! ಕರೆದರೆ ಓಗೊಡುವಷ್ಟು ಹತ್ತಿರ ಅಪ್ಪ ಈಗಿಲ್ಲ. ಹಿತ್ತಲಿನ ಬಸಳೆಗೆ ನೀರು ಹಾಕುತ್ತಾ ನಾನು ಒಬ್ಬನೇ ಹಾಡುತ್ತೇನಲ್ಲ, ನೀವು ನಗುತ್ತೀರಲ್ಲ, ಅದು ಅವನ ಹಾಡು. ರಾಗ ಅಜ್ಜಿಯದು, ಮಾತು ನನ್ನದು: ಅಪ್ಪ ಸಸಿ ನೆಟ್ಟ, ಸಾಲು ನೆಟ್ಟಗಿತ್ತು.