ಗೇಟಿನ ಹೊರಗೆ ನಿಂತ ಊರು

ಮೈದಾನದ ಒಳಗೆ ಸರಪಂಚರೊಬ್ಬರೇ ಕುಳಿತಿದ್ದರು. ಹೊರಗೆ, ಗೇಟಿನ ಮುಂದೆ, ಇಡೀ ಊರು ನಿಂತಿತ್ತು.

ಇಷ್ಟರ ಮಟ್ಟಿಗೆ ನಾನು ಆಣೆ ಮಾಡಿ ಹೇಳಬಲ್ಲೆ. ಉಳಿದದ್ದು ನನ್ನ ನೆನಪು, ಅವ್ವನ ನೆನಪು, ವೈನಿಯ ನೆನಪು ಎಲ್ಲ ಒಂದೇ ಗಡಿಗೆಯಲ್ಲಿ ಕುದ್ದು ಆದ ಸಾರು. ಯಾವ ಬೇಳೆ ಯಾರು ಹಾಕಿದ್ದು ಎಂದು ಈಗ ಹೇಳಲಾಗದು. ಆ ದಿನ ಬಿಸಿಲು ಸುಡುತ್ತಿತ್ತೆಂದು ನಾನು ಬಹಳ ಸಲ ಹೇಳಿದ್ದೇನೆ. ಮೊನ್ನೆ ಒಂದು ಫೋಟೋ ಸಿಕ್ಕಿತು. ಎಲ್ಲರೂ ಸ್ವೆಟರ್ ಹಾಕಿಕೊಂಡಿದ್ದಾರೆ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ; ಅವರಿಗೆ ನಾನು ಭಾವಜಿ, ಅಂದರೆ ಮೈದುನ. ಮಾಕಣಿ ಊರಿನ ಮಗಳು. ಅಲ್ಲಿಯ ಡ್ಯಾಮಿನ ಬಯಲಲ್ಲಿ ಖೋ ಖೋ ಆಡಿ ಬೆಳೆದವರು. ಈಗ ನಮ್ಮೂರ ಶಾಲೆಯಲ್ಲಿ ಪಿ.ಟಿ. ಟೀಚರ್. ನಮ್ಮೂರು ಕಾಸಾರಶಿರಸಿಯಿಂದ ನಿಲಂಗಾಕ್ಕೆ ಹೋಗುವ ದಾರಿಯಲ್ಲಿದೆ. ಬಸ್ಸು ನಿಲ್ಲುತ್ತದೆ, ಇಳಿಯುವವರು ಕಡಿಮೆ. ಶಾಲೆಯ ಹಿಂದಿನ ಪಂಚಾಯತಿ ಜಾಗದಲ್ಲಿ ಕಲ್ಲು ಆರಿಸಿ, ಎರಡು ಕಂಬ ನೆಟ್ಟು, ವೈನಿ ಹುಡುಗಿಯರ ಒಂದು ಟೀಮು ಕಟ್ಟಿದ್ದರು. ಹುಡುಗಿಯರು ಚೆನ್ನಾಗಿಯೇ ಓಡುತ್ತಿದ್ದರು. ನೋಡುವವರು ಮಾತ್ರ ಇರಲಿಲ್ಲ.

ಉಮರ್ಗಾದ ಟೀಮು ಬಂದಾಗ ಪ್ರೇಕ್ಷಕರು ಇಬ್ಬರು. ಒಬ್ಬ, ಕರೆಂಟು ಬಂದರೆ ಪಂಪು ಚಾಲೂ ಮಾಡಲು ಕಾಯುತ್ತಿದ್ದ ನೀರಿನವ. ಇನ್ನೊಬ್ಬರು ನಮ್ಮ ಟೀಮಿನ ಕ್ಯಾಪ್ಟನ್ ಹುಡುಗಿಯ ಆಯಿ, ಅಂದರೆ ಅಜ್ಜಿ. ಮೈದಾನದ ಅಂಚಿನಲ್ಲಿ ಮೆಣಸಿನಕಾಯಿ ಒಣಹಾಕಿಕೊಂಡು ಕುಳಿತಿದ್ದರು. ಮೊಮ್ಮಗಳು ಮೂವರನ್ನು ಔಟ್ ಮಾಡಿದಳು. ಆಯಿ ಮೆಣಸಿನಕಾಯಿಯಿಂದ ಕಣ್ಣು ತೆಗೆಯಲಿಲ್ಲ.

ಅದಾದ ಮೇಲೆ ಸರಪಂಚರು ಮನೆಗೆ ಬಂದು ಚಹಾ ಕುಡಿದು ಹೇಳಿದರು.

"ಟೀಚರಬಾಯಿ, ಬಗಾ, ಸಿಟ್ಟಿಗೇಳಬ್ಯಾಡ್ರಿ. ಜಾಗಾ ಖಾಲಿ ಬಿದ್ದದ. ವಾರದ ಬಜಾರದಾಗ ಆಡು ಮಾರೋರಿಗಿ ನಿಂದ್ರಲಕ್ಕ ಜಾಗಾ ಇಲ್ಲ. ಮಂದಿ ಬರಲಾರದ ಆಟಕ್ಕ ಅಷ್ಟು ದೊಡ್ಡ ಮೈದಾನ ಕಶಾಲಾ, ಯಾಕ?"

"ಮಂದಿ ಬಂದ್ರ?" ಎಂದರು ವೈನಿ.

"ಬಂದ್ರ ಮಾತೇ ಬ್ಯಾರೆ. ಉದಗೀರದವರು ಬರೋ ದಿನ ಮೈದಾನ ತುಂಬಿಸ್ರಿ, ಮೈದಾನ ನಿಮ್ಮದು. ಖಾಲಿ ಉಳೀತು, ಮುಂದಿನ ಬಜಾರಕ್ಕ ಆಡು ಒಳಗ ಬರ್ತಾವ. ಬಸ್."

ವೈನಿ ಅಂದು ಸಂಜೆ ರೊಟ್ಟಿ ಬಡಿದ ಸಪ್ಪಳ ಓಣಿಗೆಲ್ಲ ಕೇಳಿತು. ಮರುದಿನದಿಂದ ಪ್ರಚಾರ ಶುರುವಾಯಿತು. ಅಗಸಿ ಬಾಗಿಲಿಗೆ ಹುಡುಗಿಯರ ಫೋಟೋ ಇದ್ದ ಫ್ಲೆಕ್ಸ್ ಕಟ್ಟಿದೆವು. ಅಕಾಲದ ಮಳೆ ಹನಿಯಿತು, ಫ್ಲೆಕ್ಸ್ ಯಾರದೋ ಸೋಯಾಬೀನ್ ರಾಶಿಗೆ ಹೊದಿಕೆಯಾಗಿ ಮಲಗಿತು. ನಮ್ಮ ಹುಡುಗಿಯರೆಲ್ಲ ರಾಶಿಯ ಮೇಲಿಂದ ನಗುತ್ತಿದ್ದರು. ಆಟೋಕ್ಕೆ ಸ್ಪೀಕರ್ ಕಟ್ಟಿ ಕೂಗಿಸಿದೆವು. ಜನ ಗಂಟೆಗಾಡಿ ಬಂತೆಂದು ಕಸದ ಬುಟ್ಟಿ ಹಿಡಿದು ಹೊರಬಂದರು. ವಾಟ್ಸಪ್ಪಿನಲ್ಲಿ ಹಾಕಿದೆವು, ಊರಿಗೆ ಊರೇ ಕೈಮುಗಿಯುವ ಚಿತ್ರ ಕಳಿಸಿತು. ಕೈಮುಗಿದವರು ಬರುತ್ತಾರೋ, ಬರಲಾರೆವೆಂದು ಕ್ಷಮೆ ಕೇಳುತ್ತಿದ್ದಾರೋ ತಿಳಿಯಲಿಲ್ಲ.

ಅವ್ವ ಇದನ್ನೆಲ್ಲ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು.

"ಯಾರ್ಯಾರಿಗಿ ಕರದೀರಿ?"

"ಎಲ್ಲರಿಗೂ ಅವ್ವಾ."

"ಎಲ್ಲರಿಗೂ ಕರದ್ರ ಯಾರಿಗೂ ಕರದಂಗಿಲ್ಲ. ಗ್ವಾಡಿಗಿ ಹಚ್ಚಿದ ಕಾಗದ ನೋಡಿ ಹೋಗಲಕ್ಕ ಮಂದಿಗಿ ಏನ್ ಗತಿ ಇಲ್ಲೇನು? ಅಕ್ಷತಿ ಕೊಟ್ಟು ಹೇಳ್ರಿ."

ನಮ್ಮದು ಐನೋರ ಮನೆ. ಊರಿನಲ್ಲಿ ಲಗ್ನವಿರಲಿ, ತೊಟ್ಟಿಲಿರಲಿ, ನಮ್ಮ ಮನೆಯಿಂದ ಒಬ್ಬರು ಹೋಗಿ ಅಕ್ಷತೆ ಕೊಟ್ಟು ಹೇಳಿಕೆ ಮಾಡಿದರೇ ಅದು ಕರೆ. ಆ ಕೆಲಸ ಅಣ್ಣನದು. ಆದರೆ ಅವನಿಗೆ ವಲಾಂಡಿಯಲ್ಲಿ ಪೂಜೆಗಳಿದ್ದವು.

"ಇಂವಾ ಖಾಲಿ ಇದ್ದಾನಲ್ಲ, ಇಂವಗ ಕಳಸು," ಎಂದಳು ಅವ್ವ.

"ನಾ ಬರೀಲಕತ್ತೀನಿ ಅವ್ವಾ."

"ಅದೇ ಅಂದೆ ನಾನೂ."

ಅರಿಶಿನ ಕುಂಕುಮ ಕಲಸಿದ ಅಕ್ಕಿಯನ್ನು ಜೋಳಿಗೆಯಲ್ಲಿ ತುಂಬಿ ಬೈಕ್ ಹತ್ತಿದೆ. ಜನ ಬಾಗಿಲಲ್ಲೇ ಅಂಗೈ ಒಡ್ಡುತ್ತಿದ್ದರು.

"ಯಾರ ಲಗ್ನ ಅದರೀ?"

"ಲಗ್ನ ಅಲ್ರಿ. ಖೋ ಖೋ."

"ಮುಹೂರ್ತ ಎಷ್ಟಕ್ಕ?"

"ನಾಲ್ಕಕ್ಕ."

"ಊಟ?"

"ಇಲ್ರಿ."

ಅವರು ಸ್ವಲ್ಪ ಯೋಚಿಸುವರು. "ಇರಲಿ, ಐನೋರ ಮನಿ ಅಕ್ಷತಿ. ಬ್ಯಾಡ ಅನ್ನಲಕ್ಕ ಬರಲ್ಲ. ಬಾಜೂಕಿನ ಮನಿಗೀ ಹೇಳ್ರಿ. ತಮ್ಮ ಅದಾನ ಖರೇ, ಒಲಿ ಬ್ಯಾರೆ ಆಗ್ಯಾವ. ಬ್ಯಾರೆ ಅಕ್ಷತಿ ಕೊಡ್ರಿ. ನನ್ನ ಕೈಯಾಗಿಂದು ಅಂವಾ ತಗೊಳಲ್ಲ."

ಆಯಿಯ ಮನೆಗೂ ಹೋದೆ. ಆಯಿ ಅಕ್ಷತೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, "ಅವತ್ತ ಮೆಣಸಿನಕಾಯಿ ಒಣಹಾಕಲ್ಲ ತಗೋ," ಎಂದರು. ಆ ಕ್ಷಣ ಮೈದಾನ ನಮ್ಮದಾಯಿತೆಂದು ನನಗನ್ನಿಸಿತು. ಅನ್ನಿಸಿತೋ, ಅನ್ನಿಸಬೇಕಿತ್ತೆಂದು ಈಗ ಸೇರಿಸುತ್ತಿದ್ದೇನೋ. ಇರಲಿ.

ಆಟದ ದಿನ ವೈನಿ ಮೈದಾನದೊಳಗೆ ಹುಡುಗಿಯರ ಮೊಣಕಾಲಿಗೆ ಪಟ್ಟಿ ಕಟ್ಟುತ್ತಿದ್ದರು. ಅಣ್ಣ ವಲಾಂಡಿಯಲ್ಲೇ ಉಳಿದಿದ್ದ. ನಾನು ಬಸ್ ಸ್ಟ್ಯಾಂಡಿಗೆ ಹೋಗಿ ಉದಗೀರದ ಹುಡುಗಿಯರನ್ನು ಟೆಂಪೋದಲ್ಲಿ ಹತ್ತಿಸಿಕೊಂಡು ಬಂದೆ. ಬಂದು ನೋಡಿದರೆ ಗೇಟಿನ ಮುಂದೆ ಊರು. ರುಮಾಲು, ಟೋಪಿ, ಹೊಸ ಸೀರೆ. ಟ್ರಂಕಿನಿಂದ ತೆಗೆದ ನಾಫ್ತಲೀನ್ ವಾಸನೆ ರಸ್ತೆಯ ತನಕ. ಕೆಲವರ ಕಂಕುಳಲ್ಲಿ ಟಾವೆಲ್ಲು, ಕುಪ್ಪಸದ ಖಣ. ಅಕ್ಷತೆ ಬಂದ ಮೇಲೆ ಬರಿಗೈಲಿ ಹೇಗೆ ಬರುವುದು? ಗೇಟು ಪೂರ್ತಿ ತೆರೆದಿತ್ತು. ಒಬ್ಬರೂ ಒಳಗೆ ಹೋಗಿರಲಿಲ್ಲ. ಒಳಗೆ ಸರಪಂಚರು ಬಾಡಿಗೆ ಕುರ್ಚಿಗಳ ನಡುವೆ ಒಂದೇ ಕುರ್ಚಿ ತುಂಬಿಸಿ ಗಡಿಯಾರ ನೋಡಿಕೊಳ್ಳುತ್ತಿದ್ದರು.

"ಯಾಕ್ರಿ ಕಾಕಾ, ಹೊರಗ ನಿಂತೀರಿ? ನಡೀರಿ ಒಳಗ," ಎಂದೆ ಮುಂದೆ ನಿಂತಿದ್ದ ಹಿರಿಯರಿಗೆ.

"ಎದುರುಗೊಳ್ಳಲಕ್ಕ ಯಾರೂ ಬಂದಿಲ್ಲ."

"ನಾ ಬಂದೀನಲ್ರಿ."

"ನೀ ಹೇಳಿಕಿ ಮಾಡಾಂವ. ಕರಿಯೋರು ಬ್ಯಾರೆ, ಬರಮಾಡಿಕೊಳ್ಳೋರು ಬ್ಯಾರೆ. ಕಾರ್ಯ ಯಾರ ಮನಿದು?"

ನಾನು ಓಡಿಹೋಗಿ ವೈನಿಯನ್ನು ಕರೆತಂದೆ. ವೈನಿ ಕೊರಳಲ್ಲಿ ಸೀಟಿ ಹಾಕಿಕೊಂಡೇ ಬಂದು ಕೈಮುಗಿದರು. "ಬರ್ರಿ, ಎಲ್ಲರೂ ಬರ್ರಿ."

ಹೆಂಗಸರು ಒಂದು ಹೆಜ್ಜೆ ಮುಂದಿಟ್ಟು ಹಿಂದೆ ನೋಡಿದರು. ಗಂಡಸರು ಆಕಾಶ ನೋಡಿದರು.

"ಮನಿ ಹಿರೇ ಮಗ ಎಲ್ಲಿ?" ಎಂದರು ಕಾಕಾ.

"ವಲಾಂಡಿಗಿ ಹೋಗ್ಯಾರ್ರಿ."

"ಬರಲಿ ಹಂಗಾದ್ರ. ಅವಸರ ಏನದ?"

ವೈನಿ ನನ್ನ ಕಡೆ ತಿರುಗಿದರು. "ಭಾವಜಿ, ಅಕ್ಷತಿ ಯಾರು ಕೊಡು ಅಂದಿದ್ರು?" ದನಿ ಮೆತ್ತಗಿತ್ತು. ನಾನು ಟೆಂಪೋದ ಹಿಂದೆ ಸರಿದೆ. ಒಳಗಿನಿಂದ ಸರಪಂಚರು ಕೈ ಎತ್ತಿ ಗಡಿಯಾರ ತೋರಿಸಿದರು. ಹೊರಗೆ ಊರು ತುಂಬಿ ತುಳುಕುತ್ತಿತ್ತು, ಲೆಕ್ಕಕ್ಕೆ ಬೇಕಾದ ಮೈದಾನದಲ್ಲಿ ಗಾಳಿ ಓಡಾಡುತ್ತಿತ್ತು. ಆಡಿನ ವ್ಯಾಪಾರಿಯೊಬ್ಬ ಕಂಬಕ್ಕೆ ಒರಗಿ ಜಾಗ ಅಳೆಯುತ್ತಿದ್ದನೆಂದು ನಾನು ಒಮ್ಮೆ ಬರೆದಿದ್ದೆ. ಅದು ಸುಳ್ಳು. ಚೆಂದ ಕಾಣುತ್ತದೆಂದು ಸೇರಿಸಿದ್ದು.

ಆಗ ಟೆಂಪೋದಿಂದ ಉದಗೀರದ ಒಬ್ಬ ಹುಡುಗಿ ಇಳಿದಳು. ಬಸ್ಸಿನಲ್ಲಿ ವಾಂತಿ ಮಾಡಿ ಮುಖ ಬಾಡಿತ್ತು. ಎದುರಿಗೆ ಮೊದಲು ಕಂಡ ಮುದುಕಿ ನಮ್ಮ ಆಯಿ. ಹುಡುಗಿ ಸುಮ್ಮನೆ ಬಗ್ಗಿ ಕಾಲು ಮುಟ್ಟಿದಳು.

ಆಯಿ ಅವಳ ಗದ್ದ ಹಿಡಿದೆತ್ತಿದರು. "ಯಾ ಊರಿನಾಕಿ ಅವ್ವಾ?"

"ಉದಗೀರ, ಆಜಿ."

ಆಯಿ ತಿರುಗಿ ಊರಿನ ಕಡೆ ನೋಡಿದರು. "ಏ, ಬೀಗರು ಬಂದಾರ. ಬಿಸಿಲಾಗ ನಿಂದ್ರಿಸೀರಲ್ಲ, ನಾಚಿಕಿ ಬರಲ್ಲೇನು? ನೀರು ತರ್ರಿ."

(ಬಿಸಿಲು ಎಂದದ್ದು ಆಯಿ. ಫೋಟೋದಲ್ಲಿ ಸ್ವೆಟರ್ ಇದೆ. ನನ್ನ ಬಿಸಿಲು ಬಹುಶಃ ಆಯಿಯ ಬಾಯಿಯಿಂದ ಬಂದದ್ದು.)

ಗೇಟಿನ ಮುಂದೆ ಎಲ್ಲವೂ ಮಗುಚಿತು. ಬರಮಾಡಿಕೊಳ್ಳುವವರಿಲ್ಲದ ಅತಿಥಿಗಳು ಒಮ್ಮೆಲೇ ಬರಮಾಡಿಕೊಳ್ಳುವ ಮನೆಯವರಾದರು. ಬೀಗರನ್ನು ಎದುರುಗೊಳ್ಳಲು ಯಾರ ಅಪ್ಪಣೆಯೂ ಬೇಡವಲ್ಲ. ಕಾಕಾ ಟೆಂಪೋದ ಹಿಂಬಾಗಿಲು ತೆಗೆದರು. ಹೆಂಗಸರು ಉದಗೀರದ ಹುಡುಗಿಯರ ಕಾಲಿಗೆ ನೀರು ಕೊಟ್ಟು, ಹಣೆಗೆ ಕುಂಕುಮ ಹಚ್ಚಿ, ಜರ್ಸಿಯ ಮೇಲೆ ಖಣ ಇಟ್ಟರು. ಮೆರವಣಿಗೆ ಗೇಟಿನೊಳಗೆ ಹೊಕ್ಕಿತು. ಮೈದಾನ ತುಂಬಿತು.

ತುಂಬಿದ್ದು ಒಂದೇ ಬದಿ. ಬೀಗರನ್ನು ಬಿಟ್ಟು ದೂರ ಕೂರುವುದು ಮರ್ಯಾದೆಯಲ್ಲವಲ್ಲ. ಎಲ್ಲರೂ ಉದಗೀರದ ಬೆಂಚಿನ ಹಿಂದೆ ಕುಳಿತರು. ನಮ್ಮ ಬೆಂಚಿನ ಹಿಂದೆ ಖಾಲಿ ಕುರ್ಚಿಗಳು. ಸರಪಂಚರು ಬೆರಗಾಗಿ ನನ್ನನ್ನು ಕೇಳಿದರು, "ನಮ್ಮ ಮಂದಿ ಎಲ್ಲಾ ಸಗಳೆ ಉದಗೀರದವರಾಗ್ಯಾರೇನು?"

ಆಟ ಶುರುವಾಯಿತು. ಉದಗೀರದ ಹುಡುಗಿಯರು ಓಡುವವರು, ನಮ್ಮವರು ಹಿಡಿಯುವವರು. ನಮ್ಮ ಹುಡುಗಿಯರು ಸಾಲಾಗಿ ಮಂಡಿಯೂರಿ ಕುಳಿತು, ಬೆನ್ನು ಮುಟ್ಟಿಸಿಕೊಂಡು "ಖೋ" ಎಂದಾಗಲೆಲ್ಲ ಎದ್ದು ಹಾರುತ್ತಿದ್ದರು. ಪ್ರತಿ ಖೋ ಬಿದ್ದಾಗಲೂ ಜನ ಅಕ್ಷತೆ ಎಸೆದರು. ಅಂಪೈರನ ಸೀಟಿಗೂ ವೈನಿಯ ಸೀಟಿಗೂ ಅಕ್ಕಿ ಹೊಕ್ಕು ಅವು ಕೆಮ್ಮತೊಡಗಿದವು. ಅಕ್ಕಿಗೆ ಕೋಳಿಗಳು ಬಂದವು. ಈಗ ಊರಲ್ಲಿ ಕೇಳಿದರೆ ಆಡುಗಳೇ ಬಂದವು ಎನ್ನುತ್ತಾರೆ. ನನಗೆ ನೆನಪಿರುವುದು ಕೋಳಿ. ಆಡುಗಳಿದ್ದರೆ ಕಥೆಗೆ ಹೆಚ್ಚು ಒಪ್ಪುತ್ತದೆ, ಆದ್ದರಿಂದಲೇ ನಾನು ಕೋಳಿಯ ಪರ.

ನಮ್ಮ ಕ್ಯಾಪ್ಟನ್ ಉದಗೀರದ ಹುಡುಗಿಯೊಬ್ಬಳ ಬೆನ್ನಿಗೆ ಬಡಿದು ಔಟ್ ಮಾಡಿದಳು. ನಮ್ಮ ಊರು ನಮ್ಮ ಕ್ಯಾಪ್ಟನ್ನಿಗೆ ಬೈಯಿತು.

"ಏ ಪೋರಿ, ಬಂದೋರಿಗಿ ಹಂಗ ಬಡೀತಾರೇನು?" ಎಂದರು ಆಯಿ.

"ಆಟ ಅದರೀ ಆಯಿ," ಎಂದೆ.

"ಆಟ ಇದ್ರ ಏನಾಯ್ತು? ಮೆತ್ತಗ ಮುಟ್ಟಲಕ್ಕ ಬರಲ್ಲೇನು?"

ಕ್ಯಾಪ್ಟನ್ ವಿರಾಮದಲ್ಲಿ ಆಯಿಯ ಮುಂದೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು. "ಆಯಿ, ನೀ ಯಾರ ಕಡಿ?"

"ನಾ ಮನಿ ಕಡಿ. ಬೀಗರಿಗಿ ನಗಿಸಿ ಕಳಸೋದು ನಮ್ಮ ಕೆಲಸ. ಗೆಲ್ಲೋದು ನಿನ್ನ ಕೆಲಸ. ನಾ ನಿನ್ನ ಕೆಲಸಕ್ಕ ಅಡ್ಡ ಬಂದೀನೇನು?"

ಮುಂದಿನ ಸರದಿಯಲ್ಲಿ ಅವಳು ಹಾವಿನಂತೆ ಓಡಿದಳು. ಆಯಿ ನೋಡಿದರು. ಮೆಣಸಿನಕಾಯಿ ಇರಲಿಲ್ಲವಲ್ಲ, ನೋಡುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ಒಮ್ಮೆ ಕಂಬ ಸುತ್ತಿ ಅವಳು ತಪ್ಪಿಸಿಕೊಂಡಾಗ ಆಯಿಯ ಕೈ ಚಪ್ಪಾಳೆಗೆ ಎದ್ದು, ಪಕ್ಕದಲ್ಲಿ ಬೀಗರಿದ್ದದ್ದು ನೆನಪಾಗಿ, ಸೆರಗು ಸರಿಮಾಡಿಕೊಂಡಿತು.

ನಾವು ಒಂದು ಪಾಯಿಂಟಿನಿಂದ ಸೋತೆವು. ಊರು ಸಂತೋಷದಿಂದ ಎದ್ದು ನಿಂತಿತು; ಬೀಗರು ನಗುತ್ತಿದ್ದರು, ಕಾರ್ಯ ಸಾಂಗವಾಗಿ ಆಯಿತು. ಸರಪಂಚರು ವೈನಿಯ ಬಳಿ ಬಂದರು.

"ಟೀಚರಬಾಯಿ, ಮೈದಾನ ತುಂಬಿತು, ಮಾನ್ಯ. ಖರೇ ತುಂಬಿದ್ದು ಅವರ ಕಡಿ. ನಮ್ಮ ಟೀಮಿಗಿ ಒಬ್ಬಾಂವ ಚಪ್ಪಾಳಿ ಹೊಡೀಲಿಲ್ಲ. ಇದಕ್ಕ ಸಪೋರ್ಟ್ ಅಂತಾರೇನು? ಆಡು ಮಾರೋರಿಗಿ ನಾ ಮಾತು ಕೊಟ್ಟೀನಿ."

ವೈನಿ ಕೊರಳ ಸೀಟಿ ತೆಗೆದು ಅದರಲ್ಲಿದ್ದ ಅಕ್ಕಿಕಾಳನ್ನು ಅಂಗೈಗೆ ಬಡಿದು ಉದುರಿಸಲು ನೋಡುತ್ತ ನಿಂತರು. ಈ ಚಿತ್ರದ ಬಗ್ಗೆಯೂ ನನಗೆ ಸಂಶಯವಿಲ್ಲ. ಅಕ್ಕಿ ಎಷ್ಟು ಬಡಿದರೂ ಬೀಳುತ್ತಿರಲಿಲ್ಲ.

"ತಮ್ಮಾ," ಎಂದು ಹಿಂದಿನಿಂದ ಆಯಿ ಸರಪಂಚರನ್ನು ಕರೆದರು. "ಆಡು ಎಲ್ಲಿ ಕಟ್ಟಸ್ತಿ?"

"ಇಲ್ಲೇ ಆಯಿ."

"ಮತ್ತ ಬರೋ ವರ್ಷ ಬೀಗರು ಬಂದ್ರ ಎಲ್ಲಿ ಕೂಡಸ್ತಿ? ಬರ್ರಿ ಅಂತ ನಾ ಆಗಳೇ ಹೇಳಿನಿ. ಆಡಿನ ನಡು ಕೂಡಸ್ತಿಯೇನು? ಅಂಗಳ ಇಲ್ಲದ ಮನಿಗಿ ಬೀಗರು ಹ್ಯಾಂಗ ಬರ್ತಾರ?"

ಗಂಡಸರು ಸುತ್ತ ಸೇರಿದರು. ಊರಿನ ಇಜ್ಜತ್ತಿನ ಪ್ರಶ್ನೆ ಎಂದು ಯಾರೋ ಅಂದರು. ಸರಪಂಚರು, "ಹಂಗಲ್ಲ ಆಯಿ, ಪಂಚಾಯತಿದಾಗ..." ಎಂದು ಶುರುಮಾಡಿದರು.

"ನೀ ಸುಮ್ಮನಿರು," ಎಂದರು ಕಾಕಾ. "ಎದುರುಗೊಳ್ಳಲಾರದೇ ಒಳಗ ಬಂದು ಕುರ್ಚಿ ಹಿಡದಾಂವ ಊರಾಗ ನೀ ಒಬ್ಬನೇ. ನಿನಗ ರೀತಿ ಏನ್ ಗೊತ್ತು?"

ಇಡೀ ಊರು ನಕ್ಕಿತು. ಸರಪಂಚರು ತಾವು ಕುಳಿತಿದ್ದ ಕುರ್ಚಿಯನ್ನು ಒಮ್ಮೆ ನೋಡಿದರು, ಅದು ಯಾರದೋ ಎಂಬಂತೆ. ನಂತರದ ಬಜಾರದಲ್ಲಿ ಆಡುಗಳು ಹಳೇ ಬಾವಿಯ ಹಿಂದೆ ನಿಂತವು. ಈಗಲೂ ಅಲ್ಲೇ ನಿಲ್ಲುತ್ತವೆ.

ಇಲ್ಲಿಗೆ ಮುಗಿಸಿದರೆ ಓರಣವಾಗಿರುತ್ತದೆ. ಆದರೆ ಬೀಗತನ ಒಂದೇ ಕಡೆಯಿಂದ ನಡೆಯುವುದಿಲ್ಲ. ಸ್ವಲ್ಪ ದಿನಕ್ಕೆ ಉದಗೀರದ ಟೀಚರ್ ತಮ್ಮೂರ ಆಟಕ್ಕೆ ಕರೆದು ಬಸ್ ಕಂಡಕ್ಟರನ ಕೈಯಲ್ಲಿ ಒಂದು ಪೊಟ್ಟಣ ಕಳಿಸಿದರು. ನಮ್ಮ ಪದ್ಧತಿ ಅವರಿಗೆ ತಮಾಷೆಯಾಗಿ ಕಂಡಿರಬೇಕು. ಪೊಟ್ಟಣದಲ್ಲಿ ಅರಿಶಿನದ ಅಕ್ಕಿ ಇತ್ತು. ಊರು ಅದನ್ನು ತಮಾಷೆ ಎಂದುಕೊಳ್ಳಲಿಲ್ಲ. ಎರಡು ಟೆಂಪೋ ತುಂಬಿ ಹೊರಟೆವು. ಅಣ್ಣ ಸಹ ಬಂದ.

ಉದಗೀರದ ಮೈದಾನದ ಗೇಟು ದೊಡ್ಡದು. ಪೂರ್ತಿ ತೆರೆದಿತ್ತು. ನಮ್ಮವರು ಇಳಿದು, ರುಮಾಲು ಸರಿಮಾಡಿಕೊಂಡು, ಸಾಲಾಗಿ ನಿಂತರು. ಗೇಟಿನಲ್ಲಿ ಯಾರೂ ಇರಲಿಲ್ಲ. ನಮ್ಮ ಹುಡುಗಿಯರು ಬೂಟಿನ ಲೇಸು ಕಟ್ಟಿಕೊಂಡು ಒಳಗೆ ನುಗ್ಗಲು ಹೊರಟಾಗ ಆಯಿ ಕ್ಯಾಪ್ಟನ್ನಿನ ರಟ್ಟೆ ಹಿಡಿದರು.

"ನಿಂದ್ರು. ಬರ್ತಾರ."

"ಭಾವಜಿ," ಎಂದರು ವೈನಿ ನನಗೆ, "ಓಡಿ ಹೋಗಿ ಯಾರಿಗಾದ್ರೂ ಹೇಳ್ರಿ, ಗೇಟಿಗಿ ಬರ್ರಿ ಅಂತ."

"ನಾ ಹೇಳಿಕಿ ಮಾಡಾಂವ ವೈನಿ," ಎಂದೆ. "ಅದೂ ನಮ್ಮೂರಾಗ ಅಷ್ಟೇ."

ಒಳಗೆ ಸೀಟಿ ಊದಿದರು. ಸ್ಪೀಕರಿನಲ್ಲಿ ನಮ್ಮ ಟೀಮಿನ ಹೆಸರು ಒಮ್ಮೆ ಕೂಗಿದರು, ಇನ್ನೊಮ್ಮೆ ಕೂಗಿದರು. ಸಪೋರ್ಟಿಗೆ ಬಂದ ಊರು ಕೈಕಟ್ಟಿ ನಿಂತಿತ್ತು, ಒಬ್ಬರೂ ಕದಲಲಿಲ್ಲ. ವೈನಿ ತುಸು ಹೊತ್ತು ಗೇಟು ನೋಡಿದರು, ತಮ್ಮ ಹಿಂದಿನ ಜನರನ್ನು ನೋಡಿದರು, ಆಮೇಲೆ ಸೆರಗು ಸರಿಮಾಡಿಕೊಂಡು ತಾವೂ ಆಯಿಯ ಪಕ್ಕದಲ್ಲಿ ನಿಂತರು.